ನೆಗೆಣ್ಣಿಯ ಕಾಲರಾ, ನನ್ನ ಕಾಲರಾ

ಆ ಮಳೆಗಾಲ ಬಸವಕಲ್ಯಾಣದ ಫಂಕ್ಷನ್ ಹಾಲಿನಲ್ಲಿ ಮದುವೆಗಳು ನಡೆಯಲಿಲ್ಲ. ಊಟದ ಪಂಕ್ತಿ ಕೂಡುವ ಜಾಗದಲ್ಲಿ ಮಂಚ ಹಾಕಿದ್ದರು. ನಡುವೆ ತೂತಿರುವ ಮಂಚ, ಮೇಲೆ ರೆಕ್ಸಿನ್, ತೂತಿನ ಕೆಳಗೆ ಬಕೆಟ್. ಕಾಲರಾ, ನಮ್ಮ ಬಾಯಲ್ಲಿ ಹೈಜಾ, ಬಂದವರಿಗೆ ಎದ್ದು ಹೋಗುವ ಶಕ್ತಿ ಇರುವುದಿಲ್ಲ. ಮಲಗಿದಲ್ಲೇ ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿರುತ್ತದೆ. ಆ ಬಕೆಟ್ ತೆಗೆಯುವುದು, ಎಷ್ಟು ಹೋಯಿತೆಂದು ಅಳೆದು ಹೇಳುವುದು, ತೊಳೆದು ಮತ್ತೆ ಇಡುವುದು ನನ್ನ ಕೆಲಸ. ಆಯಾ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದವಳನ್ನು ತಿರುಗಿ ಕರೆಸಿದ್ದರು. ಹೊಸ ಹೆಂಗಸರು ಯಾರೂ ಆ ಬಕೆಟ್ ಮುಟ್ಟಲು ಒಪ್ಪಿರಲಿಲ್ಲ.

ನಾನು ಒಪ್ಪಿದೆ. ಪುಣ್ಯ ಬರಲಿ ಎಂದಲ್ಲ. ಹುಮನಾಬಾದಿನಲ್ಲಿ ತೆರೆದ ಕಾಲರಾ ವಾರ್ಡಿಗೆ ನನ್ನ ನೆಗೆಣ್ಣಿಯನ್ನು ಕರೆದಿದ್ದಾರೆ, ಅವಳು ಹೋಗಿದ್ದಾಳೆ ಎಂದು ಕೇಳಿದ್ದೆ. ಅದಕ್ಕೆ ಒಪ್ಪಿದೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ, ನನಗಿಂತ ಚಿಕ್ಕವಳು. ಹರೆಯದಲ್ಲಿ ಇಬ್ಬರೂ ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಚೀಲದ ಬಾಯಿ ಕಟ್ಟುತ್ತಿದ್ದೆವು. ಆಮೇಲೆ ಇಬ್ಬರೂ ಆಯಾಗಳಾದೆವು. ಅವಳು ಒಂದು ಕೆಲಸ ಮಾಡಿದರೆ ಹತ್ತು ಜನರಿಗೆ ಕಾಣುತ್ತದೆ. ಅದೇ ಕೆಲಸ ನಾನು ಮಾಡಿದರೆ ನೆಲ ಒದ್ದೆಯಾಯಿತು ಎನ್ನುತ್ತಾರೆ. ಯಾಕೆ ಹೀಗೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ತಿಳಿಯಲು ಸುಲಭ.

ವಾರ್ಡು ತೆರೆದ ಮೇಲೆ ಸಂಶೋಧನೆಯ ಮೇಡಂ ಒಬ್ಬರು ಬಂದರು. ಘಟ್ಟದ ಆ ಕಡೆಯವರು, ಅವರ ಕನ್ನಡ ಬೇರೆ. ಹುಮನಾಬಾದಿನ ವಾರ್ಡಿನ ಹಿಂದಿನ ಕೋಣೆಯಲ್ಲಿ ಯಂತ್ರಗಳನ್ನು ಹೂಡಿದ್ದರು. ಎರಡೂ ಊರುಗಳಿಂದ ರೋಗಿಗಳ ಕಾಲರಾ ಹುಳ ಅವರಿಗೆ ಬೇಕಾಗಿತ್ತು. ಬೇನೆ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುವಾಗ ಹುಳ ಹೇಗೆ ಬದಲಾಗುತ್ತದೆ ಎಂದು ನೋಡುವುದು ಅವರ ಕೆಲಸ.

ಹುಳ ಹುಳವೇ, ಬದಲಾಗುವುದೇನು ಎಂದು ನಾನು ಕೇಳಿದೆ. ಅವರು ಮಂಚದ ತುದಿಯಲ್ಲಿ ಕೂತು ತಿಳಿಸಿ ಹೇಳಿದರು. ಹುಳದ ಒಳಗೆ ಬರಹ ಇರುತ್ತದಂತೆ. ನಾಲ್ಕೇ ಅಕ್ಷರ, ಆದರೆ ಅವನ್ನೇ ಹಿಂದೆ ಮುಂದೆ ಮಾಡಿ ಲಕ್ಷಗಟ್ಟಲೆ ಬರೆದಿರುತ್ತದೆ. ಒಂದು ಹುಳ ಎರಡಾಗುವಾಗ ಆ ಬರಹವನ್ನು ನಕಲು ಮಾಡಿ ಮಗಳಿಗೆ ಕೊಡುತ್ತದೆ. ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮಗಳಿಂದ ಮೊಮ್ಮಗಳಿಗೆ, ಅವಳ ಮಗಳಿಗೆ ಹೋಗುತ್ತದೆ. ತಪ್ಪುಗಳನ್ನು ಹೋಲಿಸಿ ನೋಡಿದರೆ ಯಾವ ಹುಳ ಯಾವುದರ ಹೊಟ್ಟೆಯಲ್ಲಿ ಹುಟ್ಟಿತು, ಯಾವ ಊರಿಂದ ಯಾವ ಊರಿಗೆ ಬಂತು ಎಂದು ಹೇಳಬಹುದು.

"ಹಂಗಾದ್ರ ನೀವು ಹುಳದ ಹೆಳವರು ಆದ್ರಿ" ಎಂದೆ.

ಹೆಳವರು ಅಂದರೆ ಯಾರು ಎಂದು ಅವರು ಕೇಳಿದರು. ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು, ನಿನ್ನ ಅಜ್ಜ ಇಂಥವನು, ಅವನ ಅಜ್ಜ ಇಂಥ ಊರಿಂದ ಬಂದವನು ಎಂದು ಏಳು ತಲೆಮಾರು ಹೇಳಿ ಜೋಳ ಕಾಳು ಇಸಿದುಕೊಂಡು ಹೋಗುವವರು ಎಂದೆ. ಮೇಡಂ ನಕ್ಕರು. ನನಗೆ ಜೋಳ ಬೇಡ ಅಜ್ಜಿ, ಒಳ್ಳೆ ಸ್ಯಾಂಪಲ್ ಕೊಡಿ ಸಾಕು ಎಂದರು.

ಸ್ಯಾಂಪಲ್ ತೆಗೆಯುವ ತರಬೇತಿ ಹುಮನಾಬಾದಿನಲ್ಲಿ ಆಯಿತು. ನಮ್ಮ ಕಡೆಯಿಂದ ಒಬ್ಬ ನರ್ಸಮ್ಮ ಹೋಗಿ ಬಂದಳು. ಅಲ್ಲಿ ನೆಗೆಣ್ಣಿ ಮುಂದಿನ ಸಾಲಿನಲ್ಲಿ ಕೂತಿದ್ದಳಂತೆ. ನರ್ಸಮ್ಮ ನನಗೆ ಕೈಯಲ್ಲಿ ಮಾಡಿ ತೋರಿಸಿದಳು, ಆಮೇಲೆ ಹೆರಿಗೆ ರಜೆಗೆ ಹೋದಳು. ಕೆಲಸ ನನ್ನ ಮೇಲೆ ಬಂತು.

ಅದು ಹೀಗೆ. ರೋಗಿ ಬಂದ ಕೂಡಲೇ, ಗುಳಿಗೆ ಬಾಯಿಗೆ ಹೋಗುವ ಮುಂಚೆ, ಬೇರೆ ಬಕೆಟ್ ಇಡಬೇಕು. ಅದರಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಕೂಡ ಇರಬಾರದು, ಇದ್ದರೆ ಹುಳ ಅಲ್ಲೇ ಸಾಯುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ, ಜೆಲ್ಲಿಯಂಥದು ತುಂಬಿದ ನಳಿಕೆಯಲ್ಲಿ ತಳದತನಕ ಚುಚ್ಚಬೇಕು. ಮೇಲೆ ಉಳಿದ ಕಡ್ಡಿ ಮುರಿದು ಮುಚ್ಚಳ ಬಿಗಿ ತಿರುವಬೇಕು. ಚೀಟಿ ಅಂಟಿಸಿ ಮಂಚದ ನಂಬರು ಬರೆಯಬೇಕು. ಅಂಕಿ ನನಗೆ ಬರುತ್ತವೆ. ಆಗಲೇ ಬೇರೆ ಕಡೆ ಗುಳಿಗೆ ತಿಂದು ಬಂದವರ ಸ್ಯಾಂಪಲ್ ತೆಗೆಯಬಾರದು, ಅದು ಲೆಕ್ಕಕ್ಕೆ ಬರುವುದಿಲ್ಲ. ನಳಿಕೆಗಳನ್ನು ಒಯ್ಯಲು ದಿನ ಬಿಟ್ಟು ದಿನ ಜೀಪು ಬರುತ್ತಿತ್ತು.

ಜೀಪು ಬರುವತನಕ ಎಲ್ಲಿ ಇಡಬೇಕು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೋಲಿಯೊ ಹನಿಯ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಮುಡಬಿ, ಹುಲಸೂರ, ನಾರಾಯಣಪುರ ಎಂದು ಎಷ್ಟೋ ವರ್ಷ ತಿರುಗಿದವಳು ನಾನು. ತಂಪು ಹೋದರೆ ಎಲ್ಲ ಹೋಯಿತು ಎಂಬುದು ಕಿವಿಯಲ್ಲಿ ಕೂತಿತ್ತು. ಅದೇ ಡಬ್ಬಿ ತಂದು, ಬರಫ ತುಂಬಿ, ನಳಿಕೆಗಳನ್ನು ಅದರಲ್ಲಿಟ್ಟೆ. ಬರಫ ಕರಗಲು ಬಿಡಲಿಲ್ಲ. ಜೀಪು ಬಂದಾಗ ಹೊರಗೆ ತೆಗೆದು, ಹನಿ ಒರೆಸಿ, ಒಣಗಿಸಿ ಕೊಡುತ್ತಿದ್ದೆ. ನೆಗೆಣ್ಣಿ ಇಷ್ಟು ಕಾಳಜಿ ಮಾಡುತ್ತಿರಲಿಕ್ಕಿಲ್ಲ ಎಂದು ಒಳಗೊಳಗೆ ಹಿಗ್ಗು ಬೇರೆ.

ಮೊದಲ ಸಲ ಒಯ್ದದ್ದು ಬೆಳೆಯಲಿಲ್ಲ ಎಂದು ಸುದ್ದಿ ಬಂತು. ನಳಿಕೆಯೊಳಗಿನದನ್ನು ಹಸಿರು ತಟ್ಟೆಯ ಮೇಲೆ ಎಳೆಯುತ್ತಾರೆ, ಹುಳ ಜೀವಂತ ಇದ್ದರೆ ಮರುದಿನ ಹಳದಿ ಚುಕ್ಕೆ ಏಳುತ್ತವೆ. ನಮ್ಮ ತಟ್ಟೆಗಳು ಹಸಿರಾಗಿಯೇ ಉಳಿದವು. ಎರಡನೆಯ ಸಲವೂ ಹಾಗೇ ಆಯಿತು. ಬಕೆಟ್ಟಿಗೆ ಪೌಡರು ತಾಗಿರಬೇಕೆಂದು ಮೂರನೆಯ ಸಲಕ್ಕೆ ಬಕೆಟ್ಟನ್ನು ಕುದಿಯುವ ನೀರಿನಲ್ಲಿ ತೊಳೆದೆ, ಬಿಸಿಲಿಗೆ ಬೋರಲು ಹಾಕಿದೆ, ಬರಫ ಇನ್ನೂ ಹೆಚ್ಚಿಗೆ ತುಂಬಿದೆ. ಆಗಲೂ ಒಂದೇ ಒಂದು ಚುಕ್ಕೆ ಕಾಣಲಿಲ್ಲ. ಅತ್ತ ಹುಮನಾಬಾದಿನಿಂದ ಹೋದವು ಎಲ್ಲ ಬೆಳೆಯುತ್ತಿದ್ದವು. ಜೀಪಿನ ಡ್ರೈವರು ಬಂದವನೇ, ಮೇಡಂ ಅಲ್ಲಿಯ ಆಯಾಳ ಕೈಗುಣವನ್ನು ಭಾರೀ ಹೊಗಳುತ್ತಿದ್ದಾರೆ ಎಂದು ಹೇಳಿ ನನ್ನ ಮುಖ ನೋಡಿದ.

ಆಮೇಲೆ ಮೇಡಂ ಖುದ್ದು ಬಂದರು. ನಮ್ಮ ಡಾಕ್ಟರಿಗೆ ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದರು. ನಾನು ನೆಲ ಒರೆಸುತ್ತ ಹತ್ತಿರ ಹೋಗಿ ನೋಡಿದೆ. ಅಡ್ಡ ಮಲಗಿಸಿದ ಮರದಂತೆ ಗೆರೆಗಳು, ಗೆರೆಗಳ ತುದಿಗೆ ಒಂದೊಂದು ಹುಳಕ್ಕೆ ಒಂದೊಂದು ಚುಕ್ಕೆ. ಹುಮನಾಬಾದಿಗೆ ನೀಲಿ ಚುಕ್ಕೆ, ಬಸವಕಲ್ಯಾಣಕ್ಕೆ ಕೆಂಪು. ಗಿಡದ ತುಂಬ ನೀಲಿ. ಕೆಂಪು ಹುಡುಕಿದರೂ ಇಲ್ಲ.

ಇನ್ನೊಂದು ಸಲ ನೋಡುತ್ತೇನೆ, ಆಗಲೂ ಬೆಳೆಯದಿದ್ದರೆ ಇಲ್ಲಿಂದ ತೆಗೆಯುವುದನ್ನು ನಿಲ್ಲಿಸುತ್ತೇನೆ ಎಂದು ಮೇಡಂ ಡಾಕ್ಟರಿಗೆ ಹೇಳಿದರು. ಆಗ ಇಲ್ಲಿಯ ಹುಳ ಯಾವುದಕ್ಕೆ ಸಾಯುತ್ತದೆ ಎಂದು ತಿಳಿಯುವುದು ಹೇಗೆ ಎಂದು ಡಾಕ್ಟರು ಕೇಳಿದರು. ಹುಮನಾಬಾದಿನದು ಸಾಯುವ ಗುಳಿಗೆಗೇ ಇದೂ ಸಾಯುತ್ತದೆ ಎಂದು ತಿಳಿದು ನಡೆಯಬೇಕು, ಬೇರೆ ದಾರಿ ಇಲ್ಲ ಎಂದರು ಮೇಡಂ.

ಬಕೆಟ್ ಎತ್ತುವುದು ನಾನು, ನಮ್ಮ ಊರಿನ ಹೈಜಾದ ಹಣೆಬರಹ ನೆಗೆಣ್ಣಿಯ ನಳಿಕೆಯಲ್ಲಿ. ಆ ಮಾತು ನನಗೆ ಊಟ ಸೇರದಂತೆ ಮಾಡಿತು. ಅವಳು ಏನೋ ಮೋಸ ಮಾಡುತ್ತಿದ್ದಾಳೆ ಎಂದು ಮನಸ್ಸು ಹೇಳಿತು. ಒಬ್ಬರದನ್ನೇ ಹತ್ತು ನಳಿಕೆಗೆ ತುಂಬುತ್ತಿರಬೇಕು. ಹಿಡಿಯಬೇಕು ಎಂದು ರಜೆ ಕೇಳಿ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾದಲ್ಲಿ ಇಳಿದು, ಹೈವೇ ಬಸ್ಸಿಗೆ ಕಾದು, ಹುಮನಾಬಾದ ಮುಟ್ಟಿದೆ.

ಅವರ ವಾರ್ಡು ಮುಚ್ಚಿಹೋದ ಒಂದು ಹಾಸ್ಟೆಲಿನಲ್ಲಿತ್ತು. ನೆಗೆಣ್ಣಿ ಒಬ್ಬ ಮುದುಕನ ಕೈಗೆ ಸಲೈನ್ ಸೂಜಿ ಅಲುಗಾಡದಂತೆ ರಟ್ಟು ಇಟ್ಟು ಬಟ್ಟೆ ಪಟ್ಟಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಗಂಟು ಎಳೆದು ಎದ್ದಳು.

"ಬಾ ಅಕ್ಕಾ. ಅಲ್ಲಿ ರೋಗಿ ತೀರಿದ್ರೇನು, ಇಲ್ಲಿಗಿ ಬಂದಿ?"

"ನಿನ್ನ ನೋಡ್ಬೇಕನಸ್ತು."

"ಇಷ್ಟು ವರ್ಷದಾಗ ಇವತ್ತ ಅನಸ್ತು? ಕುಂಡ್ರು, ಚಾ ತರ್ತೀನಿ. ಕೈ ತೊಳಕೊ ಮೊದ್ಲ."

ಆಯಾಗೆ ಕೈ ತೊಳೆಯಲು ಹೇಳುತ್ತಾಳೆ. ಅವಳು ಚಹಾಕ್ಕೆ ಹೋದಾಗ ನಾನು ಕಣ್ಣಾಡಿಸಿದೆ. ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ನಳಿಕೆಗಳು ನಿಂತಿದ್ದವು. ಬರಫ ಇಲ್ಲ, ನೀಲಿ ಡಬ್ಬಿ ಇಲ್ಲ. ಮುಟ್ಟಿ ನೋಡಿದೆ, ಕೋಣೆಯಷ್ಟೇ ಬೆಚ್ಚಗಿದ್ದವು. ಮೋಸ ಹುಡುಕಲು ಬಂದವಳಿಗೆ ಬೇಜವಾಬ್ದಾರಿಯೇ ಸಿಕ್ಕಿತು. ಚಹಾಕ್ಕೂ ಕಾಯದೆ ಹಿಂದಿನ ಕೋಣೆಗೆ, ಮೇಡಂ ಹತ್ತಿರ ಹೋದೆ.

"ಮೇಡಂ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಆಯಾ ನಳಿಕಿ ಹಂಗೇ ಗೂಡಿನ್ಯಾಗ ಇಟ್ಟಾಳ್ರಿ. ಬರಫ ಇಲ್ಲ, ಏನಿಲ್ಲ."

ಮೇಡಂ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ನೀವು ಬರಫದಲ್ಲಿ ಇಡ್ತೀರಾ ಅಜ್ಜಿ?"

"ಮತ್ತ? ಕರಗೂಕ ಬಿಡಂಗಿಲ್ರಿ ನಾ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಈ ಹುಳ ಬೆಚ್ಚನೆಯ ನೀರಿನದು, ತಂಪಾದರೆ ಸಾಯುತ್ತ ಹೋಗುತ್ತದೆ, ತರಬೇತಿಯಲ್ಲಿ ಮೊದಲ ಮಾತೇ ಅದಾಗಿತ್ತು ಎಂದು ಮೆಲ್ಲಗೆ ಹೇಳಿದರು. ನಿಮ್ಮತನಕ ಆ ಮಾತು ಮುಟ್ಟಿತೋ ಇಲ್ಲವೋ ನಾನು ನೋಡಬೇಕಿತ್ತು ಎಂದರು. ನನ್ನ ಹಿಂದೆ ಬಾಗಿಲಲ್ಲಿ ನೆಗೆಣ್ಣಿ ಚಹಾದ ಕಪ್ಪು ಹಿಡಿದು ನಿಂತಿದ್ದಳು.

"ಹೈಜಾಕ್ಕ ಪೋಲಿಯೊ ಡಬ್ಬಿ ಮಾಡಿದಿ ಅಕ್ಕಾ" ಎಂದಳು. "ಹುಳ ಚಳೀಗಿ ಸತ್ತಾವ ಪಾಪ."

ಆ ಚಹಾ ಕುಡಿದೆ. ಕುಡಿಯದಿದ್ದರೆ ಅದನ್ನೂ ಹೇಳಿಕೊಂಡು ತಿರುಗುತ್ತಾಳೆ.

ನಾನು ಹೊರಡುವ ಮುಂಚೆ ಮೇಡಂ ಒಂದು ತಟ್ಟೆ ತೋರಿಸಿದರು. ನನ್ನ ಮುಖ ನೋಡಿ ಸಮಾಧಾನಕ್ಕೆ ತೋರಿಸಿದರೋ ಏನೋ. ತಟ್ಟೆಯ ತುಂಬ ಹುಳದ ಕೆನೆ, ಅದರ ಮೇಲೆ ಕುಂಕುಮದ ಬೊಟ್ಟಿನಷ್ಟು ಕಾಗದದ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಔಷಧ ಹಚ್ಚಿದೆ. ಔಷಧಕ್ಕೆ ಸಾಯುವ ಹುಳವಾದರೆ ಬಿಲ್ಲೆಯ ಸುತ್ತ ಕೆನೆ ಇಲ್ಲದ ಬಳೆಯಂಥ ಜಾಗ ಬಿಟ್ಟಿರುತ್ತದೆ. ಎರಡೂ ವಾರ್ಡುಗಳಲ್ಲಿ ಕೊಡುತ್ತಿದ್ದ ಕ್ಯಾಪ್ಸೂಲಿನ ಬಿಲ್ಲೆಯ ಸುತ್ತ ದೊಡ್ಡ ಬಳೆ ಇತ್ತು. ಅದು ಹುಮನಾಬಾದಿನ ಹುಳ.

ಊರಿಗೆ ಬಂದು ನೀಲಿ ಡಬ್ಬಿಯನ್ನು ಸ್ಟೋರಿಗೆ ಕೊಟ್ಟೆ. ನನ್ನ ಊಟದ ಡಬ್ಬಿ ತೊಳೆದು ಒಣಗಿಸಿ ಕಿಟಕಿಯಿಂದ ದೂರದ ಮೂಲೆಯಲ್ಲಿಟ್ಟೆ. ಉಳಿದದ್ದು ಒಂದೇ ಸಲ. ಆ ಸಲ ಬೆಳೆಯದಿದ್ದರೆ ಕೆಂಪು ಚುಕ್ಕೆ ಇಲ್ಲ, ಮುಗಿಯಿತು. ಮಳೆ ಕಡಿಮೆಯಾಗಿ ರೋಗಿಗಳೂ ಕಡಿಮೆಯಾಗಿದ್ದರು. ರೋಗಿ ಬರಲಿ ಎಂದು ಬಾಗಿಲು ನೋಡುತ್ತ ಕೂತೆ. ಇದು ಬಯಸುವ ಮಾತಲ್ಲ, ಆದರೆ ಬಯಸಿದೆ.

ಬಂದಳು. ತ್ರಿಪುರಾಂತದ ಕಡೆಯ ಗಲ್ಲಿಯ ಹೆಂಗಸು. ಅವಳ ತಾಯಿ ಮತ್ತು ಆಟೋದವನು ಎತ್ತಿಕೊಂಡು ಬಂದರು. ಕಣ್ಣು ಒಳಗೆ ಹೋಗಿದ್ದವು, ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಡಾಕ್ಟರು ಎರಡೂ ಕೈಗೆ ಸಲೈನ್ ಹಚ್ಚಿಸಿದರು. ಮೊದಲು ಎಲ್ಲಾದರೂ ತೋರಿಸಿದ್ದಿರಾ, ಗುಳಿಗೆ ತಿಂದಿದ್ದಾಳಾ ಎಂದು ಕೇಳಿದರು. ಇಲ್ಲ ಸಾಹೇಬ್ರ, ಈಗೇ ಶುರುವಾಯಿತು ಎಂದಳು ತಾಯಿ. ನಾನು ಒಣ ಬಕೆಟ್ ಇಟ್ಟೆ. ಕಡ್ಡಿ ಅದ್ದಿದೆ, ಚುಚ್ಚಿದೆ, ಮುರಿದೆ, ಮುಚ್ಚಳ ತಿರುವಿದೆ. ನಳಿಕೆಯನ್ನು ಊಟದ ಡಬ್ಬಿಯಲ್ಲಿ ನಿಲ್ಲಿಸಿದೆ.

ಆಮೇಲೆ ಅವಳ ಮೈ ಒರೆಸಿದೆ. ಎಡಗೈ ರವಿಕೆಯ ತೋಳು ಮೇಲೆ ಸರಿಸಿದಾಗ ಮೊಣಕೈ ಹತ್ತಿರ ಒಂದು ಬಟ್ಟೆ ಪಟ್ಟಿ ಉಳಿದಿತ್ತು, ಹೊಲಸಾಗಿ ಹಗ್ಗದಂತಾಗಿತ್ತು. ಕತ್ತರಿಸಲು ಹೋದೆ, ಗಂಟು ನೋಡಿ ನಿಂತೆ. ಅದು ದಾಲ್ ಮಿಲ್ಲಿನ ಗಂಟು. ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ತೂರಿಸಿ ಎಳೆಯುವುದು, ಚೀಲ ಎಷ್ಟು ಎತ್ತಿ ಒಗೆದರೂ ಬಿಚ್ಚುವುದಿಲ್ಲ. ಮಿಲ್ಲಿನಲ್ಲಿ ಎಲ್ಲರೂ ತುದಿಯನ್ನು ಬಲಕ್ಕೆ ಎಳೆಯುತ್ತಿದ್ದೆವು. ಎಡಕ್ಕೆ ಎಳೆಯುವವಳು ಒಬ್ಬಳೇ ಇದ್ದಳು, ಎಡಚಿ. ಈ ಗಂಟು ಎಡಕ್ಕಿತ್ತು.

ತಾಯಿ ನೀರಿಗೆ ಹೋಗಿದ್ದಳು. ನಾನು ಬಗ್ಗಿ ಕೇಳಿದೆ.

"ಹುಮನಾಬಾದದಾಗ ಇದ್ದಿ ಹೌದಿಲ್ಲ?"

"ಇಲ್ರಿ ಆಯಿ."

"ಈ ಗಂಟು ಕಟ್ಟಿದಾಕಿ ನನ್ನ ನೆಗೆಣ್ಣಿ. ಸುಳ್ಳ ಹೇಳಿ ಸಾಯಬ್ಯಾಡ."

ಅವಳು ಕಣ್ಣು ಮುಚ್ಚಿ ಎಲ್ಲ ಹೇಳಿದಳು. ಹೈವೇ ಬದಿಯ ಢಾಬಾದಲ್ಲಿ ಪಾತ್ರೆ ತೊಳೆಯುತ್ತಾಳೆ. ಹೈಜಾ ಆಗಿದೆ ಎಂದು ಮಾಲಕನಿಗೆ ತಿಳಿದರೆ ಪಾತ್ರೆ ಮುಟ್ಟಿಸುವುದಿಲ್ಲ. ಸ್ವಲ್ಪ ಕಡಿಮೆಯಾದದ್ದೇ, ಕೊಟ್ಟ ಕ್ಯಾಪ್ಸೂಲುಗಳಲ್ಲಿ ಅರ್ಧದಷ್ಟು ತಿಂದು, ಸೂಜಿ ತಾನೇ ಕಿತ್ತು, ಹಿಂದಿನ ಬಾಗಿಲಿನಿಂದ ತವರಿಗೆ ಬಂದಳು. ಬಂದ ಮೇಲೆ ತಿರುಗಿ ಶುರುವಾಯಿತು. "ಯಾರಿಗೂ ಹೇಳಬ್ಯಾಡ್ರಿ, ನಿಮ್ ಕಾಲ್ ಬೀಳ್ತೀನಿ" ಎಂದಳು.

ಬಕೆಟ್ ತೆಗೆದುಕೊಂಡು ಹಿಂದೆ ಹೋದೆ. ಅದನ್ನು ತೊಳೆಯುವಷ್ಟು ಹೊತ್ತು ಯಾರಿಗೂ ಏನೂ ಹೇಳಲಿಲ್ಲ. ಗುಳಿಗೆ ತಿಂದವರ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಹೇಳಿದರೆ ನಳಿಕೆ ಚರಂಡಿಗೆ, ನನ್ನ ವಾರ್ಡು ಚಿತ್ರದಿಂದ ಹೊರಗೆ. ಹೇಳದಿದ್ದರೆ ಅದು ಬೆಳೆಯುತ್ತದೆ, ಕೆಂಪು ಚುಕ್ಕೆ ಬೀಳುತ್ತದೆ. ಗಂಟು ನಾನಲ್ಲದೆ ಯಾರಿಗೂ ಗುರುತಾಗುವುದಿಲ್ಲ. ಪಟ್ಟಿ ಕತ್ತರಿಸಿ ಒಲೆಗೆ ಹಾಕಿದರೆ ಮುಗಿಯಿತು. ಅವಳಿಗೂ ಅದೇ ಬೇಕಾಗಿತ್ತು.

ತಿರುಗಿ ಬಂದಾಗ ಡಾಕ್ಟರು ಕ್ಯಾಪ್ಸೂಲ್ ಬರೆದು ತಾಯಿಯ ಕೈಗೆ ಕೊಡುತ್ತಿದ್ದರು. ಅದೇ ಕ್ಯಾಪ್ಸೂಲ್. ಹುಮನಾಬಾದಿನಲ್ಲಿ ಅರ್ಧ ತಿಂದದ್ದು, ತಿಂದರೂ ನಿಲ್ಲದ್ದು. ಮಂಚದ ಕೆಳಗೆ ಬದಲಿಗೆ ಇಟ್ಟಿದ್ದ ಬಕೆಟ್ ಆಗಲೇ ಅರ್ಧ ತುಂಬಿತ್ತು.

ಆಗ ಆ ಹೆಂಗಸಿನ ಮೇಲೆ ನನಗೆ ಕರುಣೆ ಉಕ್ಕಿತು ಎಂದು ಹೇಳಿದರೆ ಕೇಳುವವರಿಗೆ ಹಿತ. ಹಾಗೆ ಆಗಲಿಲ್ಲ. ನನಗೆ ಹೊಳೆದದ್ದು ಬೇರೆ. ಇವಳು ಇಲ್ಲಿ ಸತ್ತರೆ ಸುದ್ದಿ ಹುಮನಾಬಾದಿಗೆ ಹೋಗುತ್ತದೆ. ನನ್ನ ಹತ್ತಿರ ಇದ್ದಾಗ ಎದ್ದು ಕೂತಿದ್ದಳು, ಅಕ್ಕನ ವಾರ್ಡಿಗೆ ಹೋಗಿ ಸತ್ತಳು ಎಂದು ನೆಗೆಣ್ಣಿ ಊರೆಲ್ಲ ಹೇಳುತ್ತಾಳೆ. ಸಾಯುವತನಕ ಹೇಳುತ್ತಾಳೆ. ಆ ಮಾತು ಕೇಳುವುದಕ್ಕಿಂತ ನಳಿಕೆ ಹೋಗಲಿ ಎನಿಸಿತು.

ಡಾಕ್ಟರನ್ನು ಬದಿಗೆ ಕರೆದೆ. "ಈಕಿ ಈ ಗುಳಗಿ ಹುಮನಾಬಾದದಾಗ ತಿಂದಾಳ್ರಿ. ಅರ್ಧಕ್ಕ ಬಿಟ್ಟ ಓಡಿ ಬಂದಾಳ. ಮತ್ತ ಅದೇ ಕೊಟ್ರ ನಿಲ್ಲಂಗಿಲ್ಲ."

"ಯಾರ್ ಹೇಳಿದ್ರು ಆಯಿ?"

"ಗಂಟು ಹೇಳ್ತು. ಆಮ್ಯಾಲ ಅಕಿನೂ ಹೇಳಿದ್ಳು. ಢಾಬಾದವಗ ತಿಳೀಬಾರದಂತ, ಅಷ್ಟ ಮಾಡ್ರಿ."

ಅವರು ಅವಳ ಹತ್ತಿರ ಕೂತು ಮೆಲ್ಲಗೆ ಮಾತಾಡಿದರು. ಕ್ಯಾಪ್ಸೂಲ್ ಹಿಂದೆ ತೆಗೆದುಕೊಂಡು ಬೇರೆ ಗುಳಿಗೆ ಕೊಟ್ಟರು, ಒಂದೇ ಸಲ ನುಂಗುವಂಥದು. ಸಲೈನ್ ಹೆಚ್ಚಿಸಿದರು. ಆಮೇಲೆ ಮೇಡಂಗೆ ಫೋನ್ ಹಚ್ಚಿದರು. ನಾನು ಊಟದ ಡಬ್ಬಿಯಿಂದ ನಳಿಕೆ ತೆಗೆದು ಕೈಯಲ್ಲಿ ಹಿಡಿದು ನಿಂತೆ, ಒಗೆ ಎಂದರೆ ಒಗೆಯಲು. ಡಾಕ್ಟರು ಫೋನಿನಲ್ಲಿ ಹೂಂ, ಹೂಂ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಒಗೆಯಬೇಡ, ಬೇರೆ ಇಡು, ಮೇಡಂ ತಾವೇ ಬರುತ್ತಿದ್ದಾರೆ ಎಂದರು.

ಮೇಡಂ ಬಂದದ್ದು ಸಾದಾ ಕಾರಣಕ್ಕಲ್ಲ. ಈ ಹೆಂಗಸು ಹುಮನಾಬಾದಿಗೆ ಬಂದ ದಿನ, ಗುಳಿಗೆ ತಿನ್ನುವ ಮುಂಚೆ, ನೆಗೆಣ್ಣಿ ಅವಳದೊಂದು ನಳಿಕೆ ತುಂಬಿದ್ದಳು. ಈಗ ನನ್ನದೊಂದು. ಒಂದೇ ಹೊಟ್ಟೆಯ ಹುಳ, ಗುಳಿಗೆಗೆ ಮುಂಚಿನದು ಮತ್ತು ಅರ್ಧ ಗುಳಿಗೆಯ ಆಮೇಲಿನದು. ಇಂಥ ಜೋಡಿ ಬೇಕೆಂದರೂ ಸಿಗುವುದಿಲ್ಲ ಎಂದರು. ಗುಳಿಗೆ ತಿಂದವರದು ಬೇಡವೆಂಬ ನಿಯಮ ಏನಾಯಿತು ಎಂದು ಕೇಳಿದೆ. ಲೆಕ್ಕದ ಪಟ್ಟಿಯಿಂದ ಇದು ಹೊರಗೇ, ಆದರೆ ಕಲಿಯುವುದಕ್ಕೆ ಇದೇ ಬೇಕು ಎಂದರು.

ನನ್ನ ನಳಿಕೆ ಬೆಳೆಯಿತು. ತಟ್ಟೆಯ ತುಂಬ ಹಳದಿ. ಮರುದಿನದ ಬಿಲ್ಲೆಯ ಪರೀಕ್ಷೆ ನೋಡಲು ಡಾಕ್ಟರ ಜೊತೆ ಜೀಪಿನಲ್ಲಿ ನಾನೂ ಹೋದೆ, ಯಾರೂ ಕರೆದಿರಲಿಲ್ಲ. ಮೇಜಿನ ಮೇಲೆ ಎರಡು ತಟ್ಟೆ ಪಕ್ಕ ಪಕ್ಕ. ಒಂದರಲ್ಲಿ ಕ್ಯಾಪ್ಸೂಲಿನ ಬಿಲ್ಲೆಯ ಸುತ್ತ ಅಗಲ ಬಳೆ. ಇನ್ನೊಂದರಲ್ಲಿ ಬಳೆಯೇ ಇಲ್ಲ, ಹುಳ ಬಿಲ್ಲೆಯ ಅಂಚಿನತನಕ ಬಂದು ತಿಂದಂತೆ ಬೆಳೆದಿತ್ತು. ನನ್ನದು ಯಾವುದು ಎಂದು ಕೇಳಬೇಕಾಗಿರಲಿಲ್ಲ. ಕೇಳಿದೆ. ಬಳೆ ಇಲ್ಲದ್ದು.

ಆಮೇಲೆ ಅಕ್ಷರ ಓದಿಸಿದರು. ಬೀಡಿಕಟ್ಟಿನಷ್ಟು ಚಿಕ್ಕ ಯಂತ್ರ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರು. ಕೆಲವು ದಿನ ಹಿಡಿಯಿತು. ಎರಡೂ ಹುಳ ಒಂದೇ ಮನೆತನದವು ಎಂದು ಬಂತು. ಹುಮನಾಬಾದಿನಲ್ಲಿ ಈ ಹೆಂಗಸಿನ ಹುಳಕ್ಕೆ ಮಾತ್ರ ಇದ್ದ ಒಂದು ತಪ್ಪಕ್ಷರ ನನ್ನದರಲ್ಲೂ ಇತ್ತು. ಹೀಗಾಗಿ ಇಲ್ಲಿಗೆ ಬಂದು ಹೊಸದಾಗಿ ಕುಡಿದದ್ದಲ್ಲ, ಅಲ್ಲಿಂದಲೇ ಹೊಟ್ಟೆಯಲ್ಲಿ ತಂದದ್ದು. ಆದರೆ ನನ್ನದರಲ್ಲಿ ಒಂದು ತುಂಡು ಬರಹ ಹೆಚ್ಚಿಗೆ ಇತ್ತು. ಅದು ಕಾಲರಾದ್ದೇ ಅಲ್ಲ. ಹೊಟ್ಟೆಯಲ್ಲಿ ಮೊದಲೇ ಇರುವ ಬೇರೆ ಜಾತಿಯ ಹುಳದಿಂದ ಇಸಿದುಕೊಂಡದ್ದು, ಈ ಕ್ಯಾಪ್ಸೂಲಿಗೆ ಬಗ್ಗದಿರುವ ವಿದ್ಯೆ ಅದರಲ್ಲಿದೆ. ಅರ್ಧ ಗುಳಿಗೆ ಬಡಕಲು ಹುಳಗಳನ್ನು ಕೊಂದಿತು, ಆ ತುಂಡು ಸಿಕ್ಕದ್ದು ಉಳಿದು ಹೊಟ್ಟೆ ತುಂಬ ಮಕ್ಕಳು ಮಾಡಿತು. ಹೀಗೇ ಆಗಿರಬೇಕು ಎಂದರು ಮೇಡಂ. ಕಣ್ಣಾರೆ ಕಂಡವರು ಯಾರೂ ಇಲ್ಲವಲ್ಲ.

ಆ ಹೆಂಗಸು ಉಳಿದಳು. ನಡೆದುಕೊಂಡೇ ಹೋದಳು, ನನಗೆ ಒಂದು ಮಾತೂ ಹೇಳಲಿಲ್ಲ. ಗುಟ್ಟು ಬಿಟ್ಟುಕೊಟ್ಟವಳಿಗೆ ಏನು ಹೇಳುತ್ತಾಳೆ? ಢಾಬಾದವನಿಗೆ ಮಾತ್ರ ತಿಳಿಯಲಿಲ್ಲ.

ಅವಳ ಹಿಂದೆಯೇ ಅವಳ ಗಲ್ಲಿಯವರು ಬಂದರು, ಒಂದೇ ಕೊಡದಿಂದ ನೀರು ಕುಡಿದ ಅಕ್ಕಪಕ್ಕದವರು. ಎಲ್ಲರದೂ ನಳಿಕೆ ತುಂಬಿದೆ, ಎಲ್ಲ ಬೆಳೆದವು. ಎಲ್ಲದರಲ್ಲೂ ಆ ಹೆಚ್ಚಿನ ತುಂಡು. ಇವರಿಗೆ ಹಳೆಯ ಕ್ಯಾಪ್ಸೂಲ್ ಕೊಟ್ಟಿದ್ದರೆ ನಾವು ಸಲೈನ್ ನೀರು ತುಂಬುತ್ತಲೇ ಕೂತಿರಬೇಕಾಗಿತ್ತು. ಡಾಕ್ಟರು ಮೊದಲೇ ಎಲ್ಲರಿಗೂ ಬದಲಿಸಿದ್ದರು.

ಮೇಡಂ ಮತ್ತೆ ಚಿತ್ರ ತೋರಿಸಿದರು. ಮೊದಲ ಕೆಂಪು ಚುಕ್ಕೆ ಒಂದು ನೀಲಿ ಚುಕ್ಕೆಯ ಕೆಳಗೆ ಜೋತುಬಿದ್ದಿತ್ತು. ಅದು ನನಗೆ ಹಿಡಿಸಲಿಲ್ಲ. ಹುಳದಲ್ಲೂ ಅವಳದೇ ಹಿರಿತನ. ಅದನ್ನು ಸ್ವಲ್ಪ ಮೇಲೆ ಸರಿಸಲು ಬರುವುದಿಲ್ಲವೇ ಎಂದು ಕೇಳಿದೆ. ಬರುವುದಿಲ್ಲ ಅಜ್ಜಿ, ಅಕ್ಷರ ಹೇಳಿದ ಹಾಗೆ ಎಂದರು. ಆದರೆ ಆ ಕೆಂಪಿನಿಂದ ಇನ್ನೂ ಕೆಂಪು ಒಡೆದಿದ್ದವು, ಗೊಂಚಲಿನಂತೆ. ನೀಲಿ ಬೆಳೆಯುವುದು ನಿಂತಿತ್ತು. ಕಾಲರಾ ಹೆಚ್ಚಿದ್ದನ್ನು ನೋಡಿ ಹಿಗ್ಗಿದ ಆಯಾ ನಾನೊಬ್ಬಳೇ ಇರಬೇಕು. ನನ್ನ ಮುಖ ನೋಡಿ ಮೇಡಂ, ಇದು ಒಳ್ಳೆಯ ಸುದ್ದಿ ಅಲ್ಲ ಎಂದರು. ಗೊತ್ತು ಎಂದೆ.

ಕೆಲವು ದಿನಕ್ಕೆ ಹುಮನಾಬಾದಿನ ಒಂದು ತಟ್ಟೆಯಲ್ಲೂ ಬಳೆ ಬೀಳಲಿಲ್ಲ. ನನ್ನ ಹುಳ ಬಸ್ಸು ಹತ್ತಿ ಅಲ್ಲಿಗೆ ಮುಟ್ಟಿತ್ತು. ಅಲ್ಲಿಯೂ ಗುಳಿಗೆ ಬದಲಿಸಲು ಹೇಳಿದರು. ಅಂದೇ ಸಂಜೆ ನೆಗೆಣ್ಣಿಯ ಫೋನ್ ಬಂತು. ಅವಳು ನನಗೆ ಫೋನ್ ಮಾಡುವವಳಲ್ಲ.

"ಅಕ್ಕಾ, ನಿನ್ನ ಹೈಜಾ ನನ್ನ ಮನಿಗಿ ಬಂತು ನೋಡು."

"ನಿನ್ನ ಹೊಟ್ಟೀದೇ ಅದು. ತವರಿಗಿ ಬಂದೈತಿ, ಸಾಕಿಕೊ."

ಅವಳು ನಗಲಿಲ್ಲ. ದನಿ ದಣಿದಿತ್ತು. "ಹೊಸ ಗುಳಗಿ ಕೊಟ್ಟಾರ. ನುಂಗಿದ ಕೂಡ್ಲೇ ಒಬ್ಬಾಕಿ ವಾಂತಿ ಮಾಡಿದ್ಳು. ಡಾಕ್ಟರು ಊರಾಗಿಲ್ಲ, ಫೋನ್ ಎತ್ತವಲ್ರು. ನೀವು ಹ್ಯಾಂಗ ಕೊಡಾಕತ್ತೀರಿ?"

ಅವಳು ಕೇಳಿದ್ದು ಒಂದೇ ಮಾತು. ನಾನು ಮೊದಲಿನಿಂದ ಹೇಳಿದೆ. ಮೊದಲು ನೀರು ತುಂಬಬೇಕು, ವಾಂತಿ ನಿಂತ ಮೇಲೆ ಗುಳಿಗೆ ಕೊಡಬೇಕು. ಕೈಗೆ ಕೊಟ್ಟು ಬರಬಾರದು, ಎದುರಿಗೆ ನುಂಗಿಸಬೇಕು. ನುಂಗಿದ ಮೇಲೆ ಹತ್ತಿರ ಕೂತು ನೋಡಬೇಕು. ಕೂಡಲೇ ವಾಂತಿಯಾದರೆ, ಗುಳಿಗೆ ಹೊರಗೆ ಬಂತೋ ಇಲ್ಲವೋ ನೋಡಿ ಅಲ್ಲಿಯ ನರ್ಸಮ್ಮಗೆ ಹೇಳಬೇಕು, ಮತ್ತೆ ಕೊಡುವುದು ಅವರ ಮಾತಿನ ಮೇಲೆ. ಅವಳು ಹೂಂ ಅಕ್ಕಾ, ಹೂಂ ಅಕ್ಕಾ ಎನ್ನುತ್ತಿದ್ದಳು. ಅವಸರ ಮಾಡಲಿಲ್ಲ ನಾನು. ಎಲ್ಲ ಮುಗಿದ ಮೇಲೆ, ಏನು ತಿಳಿಯಿತು, ತಿರುಗಿ ಹೇಳು ಎಂದೆ.

ಹೇಳಿದಳು.